ದೋಸ್ತಾನಾ ಮಂಡಳಿಯೂ ನಮ್ಮ ಖಿಡಕಿ ಬಾಗಿಲೂ

ಆ ದಿನಗಳಲ್ಲಿ ನಮ್ಮ ಭಾಲ್ಕಿಯಲ್ಲಿ ಜಗಳವಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸ್ನೇಹ ಮಾಡಲು ಮಾತ್ರ ಒಂದು ಮಂಡಳಿ ಇತ್ತು. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದಿತ್ತು, ಹೈದರಾಬಾದ್ ರಾಜ್ಯ ಎಂಬ ಹೆಸರು ಇನ್ನೂ ಉಳಿದಿತ್ತು. ನಾನು ಒಂಬತ್ತೋ ಹತ್ತೋ ವರ್ಷದ ಹುಡುಗಿ.

ಮೊನ್ನೆ ಪತ್ರಿಕೆಯ ಮೂಲೆಯಲ್ಲಿ ಒಂದು ಸುದ್ದಿ ಓದಿದೆ. ಐರ್ಲೆಂಡಿನವರೂ ಜಪಾನಿನವರೂ ಸೇರಿ ಸ್ನೇಹ ಸಂಘ ಕಟ್ಟಿಕೊಂಡಿದ್ದಾರಂತೆ, ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುತ್ತಾರಂತೆ. ಓದಿ ಸಂತೋಷಪಡುವುದು ಬಿಟ್ಟು ನನಗೆ ಸಿಟ್ಟು ಬಂತು. ಅವರ ನಡುವೆ ಅರ್ಧ ಭೂಮಿ ಇದೆ, ಸಂಘ ಬೇಕಾದೀತು. ನಮ್ಮ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಬಾಗಿಲು ಕೂಡ ಇತ್ತು.

ಆ ಬಾಗಿಲಿಗೆ ನಾವು ಖಿಡಕಿ ಎನ್ನುತ್ತಿದ್ದೆವು. ದೊಡ್ಡವರು ಸೊಂಟ ಬಗ್ಗಿಸಿ ದಾಟಬೇಕು, ನಾನು ನೆಟ್ಟಗೆ ದಾಟುತ್ತಿದ್ದೆ. ಈ ಕಡೆ ನಮ್ಮ ಜೋಳದ ಕೋಣೆ, ಆ ಕಡೆ ಮುನ್ಷಿ ಸಾಹೇಬರ ಅಡುಗೆಮನೆ. ಮುನ್ಷಿ ಸಾಹೇಬರು ಕಚೇರಿಯ ಮುಂದೆ ಕೂತು ಜನರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದವರು. ನಮ್ಮಪ್ಪ ಬಟ್ಟೆ ಅಂಗಡಿಯವನು. ಎರಡು ಮನೆಗಳ ಬೆನ್ನು ಒಂದಕ್ಕೊಂದು ಅಂಟಿಕೊಂಡಿತ್ತು. ಮುಂಬಾಗಿಲು ಮಾತ್ರ ಬೇರೆ ಬೇರೆ ಗಲ್ಲಿಗೆ. ಹಳೆಯ ಕಲ್ಲುಮಣ್ಣಿನ ಗೋಡೆ, ಮಧ್ಯದಲ್ಲಿ ನಾನು ಕಾಲು ಮಡಚಿ ಕೂರುವಷ್ಟು ದಪ್ಪ.

ಅಲ್ಲಿಯೇ, ಆ ಹೊಸ್ತಿಲ ಮೇಲೆಯೇ, ನಾನೂ ಮುನ್ಷಿ ಸಾಹೇಬರ ಮಗಳು ರಾಬಿಯಾಳೂ ಗಜಗ ಆಡುತ್ತಿದ್ದೆವು. ನನ್ನ ಬೆನ್ನಿಗೆ ಜೋಳದ ಧೂಳಿನ ವಾಸನೆ, ಅವಳ ಬೆನ್ನಿಗೆ ಉಳ್ಳಾಗಡ್ಡಿ ಹುರಿಯುವ ವಾಸನೆ. ಅವಳ ತಾಯಿಯನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ನಮ್ಮವ್ವ ಲಿಂಗ ಕಟ್ಟಿಕೊಂಡವಳು, ಆ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವಂತಿರಲಿಲ್ಲ. ಅದು ಖಾಲಾಗೆ ಗೊತ್ತಿತ್ತು. ರಮಜಾನ್ ಹಬ್ಬಕ್ಕೆ ಹಸಿ ಶ್ಯಾವಿಗೆ, ಖರ್ಜೂರ, ಸಕ್ಕರೆಯನ್ನು ತಟ್ಟೆಯಲ್ಲಿಟ್ಟು, ಮೇಲೊಂದು ಬಿಳಿ ಅರಿವೆ ಮುಚ್ಚಿ ಖಿಡಕಿಯಿಂದ ಕೊಡುತ್ತಿದ್ದಳು. ಅವ್ವ ನಮ್ಮ ಒಲೆಯ ಮೇಲೆ ಬೇಯಿಸುತ್ತಿದ್ದಳು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಭಜ್ಜಿ ಪಲ್ಯದ ಗಡಿಗೆ ಈ ಕಡೆಯಿಂದ ಹೋಗುತ್ತಿತ್ತು. ನಾನಂತೂ ಆ ಕಡೆ ಕೂತು ಕುದಿಸಿದ ಶ್ಯಾವಿಗೆಯನ್ನೇ ಬಟ್ಟಲುಗಟ್ಟಲೆ ತಿಂದು ಬರುತ್ತಿದ್ದೆ. ಅವ್ವ ನನ್ನ ಬಾಯಿ ಮೂಸಿ ನೋಡಿ, ಹಣೆಗೆ ವಿಭೂತಿ ಹಚ್ಚಿ, ಸುಮ್ಮನಾಗುತ್ತಿದ್ದಳು. ಇಷ್ಟೆಲ್ಲ ಯಾವ ಠರಾವೂ ಇಲ್ಲದೆ ನಡೆದಿತ್ತು.

ರಜಾಕಾರರ ಗದ್ದಲ ಜೋರಾದ ಬೇಸಿಗೆಯಲ್ಲಿ ಅಪ್ಪ ಹೆದರಿದ. ಅಂಗಡಿ ಬೇಗ ಮುಚ್ಚಿ ಬಂದು, ಗೌಂಡಿಯನ್ನು ಕರೆಸಿ, ಖಿಡಕಿಯ ನಮ್ಮ ಮಗ್ಗುಲಿಗೆ ಇಟ್ಟಿಗೆ ಇಡಿಸಿ ಮಣ್ಣು ಮೆತ್ತಿಸಿದ.

"ಮುನ್ಷಿ ಸಾಹೇಬರಿಗೆ ಏನಂತ ಹೇಳ್ತೀರಿ?" ಎಂದು ಅವ್ವ ಕೇಳಿದಳು.

"ಅವರ ಹೆದರಿಕಿ ಅಲ್ಲ ನನಗ. ಅವರ ಮನಿ ಹೊಕ್ಕು ಬರೋರ ಹೆದರಿಕಿ," ಎಂದ ಅಪ್ಪ.

ಮಳೆಗಾಲದ ಕೊನೆಗೆ ಪೊಲೀಸ್ ಆಕ್ಷನ್ ಆಯಿತು. ಹೆದರಿಕೆ ಮನೆ ಬದಲಿಸಿ ಗೋಡೆಯ ಆ ಕಡೆಗೆ ಹೋಯಿತು. ಮುನ್ಷಿ ಸಾಹೇಬರ ತಮ್ಮ ಔರಾದ ಕಡೆಯ ಹಳ್ಳಿಯಲ್ಲಿದ್ದವರು. ಆ ವಾರದ ನಂತರ ಅವರನ್ನು ಕಂಡವರಿಲ್ಲ. ಒಂದು ಮಧ್ಯಾಹ್ನ ಜೋಳದ ಕೋಣೆಯಲ್ಲಿದ್ದಾಗ, ಆ ಕಡೆಯಿಂದ ಕರಣೆ ಉಜ್ಜುವ ಸದ್ದು ಕೇಳಿಸಿತು. ಅವರೂ ತಮ್ಮ ಮಗ್ಗುಲಿಗೆ ಇಟ್ಟಿಗೆ ಇಡಿಸುತ್ತಿದ್ದರು. ಹೀಗೆ ನಾವಿಬ್ಬರೂ ಗಜಗ ಆಡುತ್ತಿದ್ದ ಜಾಗ ಎರಡು ಗೋಡೆಗಳ ನಡುವಿನ ಕತ್ತಲೆಯಾಗಿ ಉಳಿಯಿತು.

ಗಲ್ಲಿ ಸುತ್ತಿಕೊಂಡು ಅವರ ಮುಂಬಾಗಿಲಿಗೆ ಹೋಗಲು ನನಗೆ ಅಪ್ಪಣೆ ಇಲ್ಲ. ಹೊರಗೆ ಬರಲು ರಾಬಿಯಾಗೆ ಅಪ್ಪಣೆ ಇಲ್ಲ. ಅವಳು ಮನೆಯಲ್ಲೇ ಓದುತ್ತಿದ್ದಳು, ಸಾಲೆಯಲ್ಲೂ ಸಿಗುವ ಹಾಗಿರಲಿಲ್ಲ. ಉಳಿದದ್ದು ಸದ್ದು ಒಂದೇ. ನಾನು ಕುಟ್ಟುವ ಕಲ್ಲಿನಿಂದ ಮೂರು ಸಲ ಬಡಿಯುತ್ತಿದ್ದೆ. ಆ ಕಡೆಯಿಂದ ಎರಡು ಸಲ ಬರುತ್ತಿತ್ತು. ಎರಡು ಗೋಡೆ ದಾಟಿ ಬರುವಷ್ಟರಲ್ಲಿ ಅದು ತೀರ ಮಂದವಾಗಿರುತ್ತಿತ್ತು, ಇಟ್ಟಿಗೆಗೆ ಕಿವಿ ಹಚ್ಚಿದರೆ ಮಾತ್ರ ಕೇಳುವಷ್ಟು. ಕೂಗಿದ ದನಿಯಂತೂ ದಾಟುತ್ತಲೇ ಇರಲಿಲ್ಲ.

ಮರುವರ್ಷ ಊರಿನ ಹಿರಿಯರು ಸೇರಿ ಮಂಡಳಿ ಮಾಡಿದರು. ಅಧ್ಯಕ್ಷರು ನಮ್ಮೂರಿನ ಹಳೆಯ ಹೆಡ್‌ಮಾಸ್ತರರು. ಒಳ್ಳೆಯವರು, ಆದರೆ ಒಂದು ವಾಕ್ಯವನ್ನು ಮೂರು ಸಲ ತಿದ್ದದೆ ಬಿಡದವರು. ಹೆಸರು 'ಸ್ನೇಹ ಮಂಡಳಿ'ಯೋ 'ದೋಸ್ತಾನಾ ಮಂಡಳಿ'ಯೋ ಎಂಬುದಕ್ಕೆ ಎರಡು ಸಭೆ ಕಳೆದವು. ಕಡೆಗೆ 'ಸ್ನೇಹ ದೋಸ್ತಾನಾ ಮಂಡಳಿ' ಎಂದಾಯಿತು. ಹನ್ನೆರಡು ಮಂದಿ ಸದಸ್ಯರು, ಆರು ಈ ಕಡೆ, ಆರು ಆ ಕಡೆ. ನಡಾವಳಿಯನ್ನು ಮಾಸ್ತರರು ಕನ್ನಡದಲ್ಲಿ, ಮುನ್ಷಿ ಸಾಹೇಬರು ಉರ್ದುವಿನಲ್ಲಿ ಬರೆಯುತ್ತಿದ್ದರು.

ಸಭೆ ಹೆಚ್ಚಾಗಿ ನಮ್ಮ ಪಡಸಾಲೆಯಲ್ಲೇ ಆಗುತ್ತಿತ್ತು. ಚಹಾಕ್ಕೆ ಎರಡು ಕಿಟ್ಲಿ, ಎರಡು ಬಗೆಯ ಕಪ್ಪು. ಯಾರ ಮನಸ್ಸಿಗೂ ನೋವಾಗಬಾರದೆಂದು ಮಾಸ್ತರರೇ ಮಾಡಿದ ಏರ್ಪಾಡು. ಅವ್ವ ಎರಡನೆಯ ಕಿಟ್ಲಿ ತೊಳೆಯುತ್ತ ಗೊಣಗಿದ್ದು ನನಗೆ ನೆನಪಿದೆ. "ಮೊದಲ ಹಿಂಗ ಎಣಿಸಿ ಇಡೋದು ಇದ್ದಿದ್ದಿಲ್ಲವ್ವ ನಮ್ಮನ್ಯಾಗ."

ಮಂಡಳಿ ಕೈಗೆತ್ತಿಕೊಂಡ ಮೊದಲ ಕೆಲಸವೇ ನಮ್ಮ ಖಿಡಕಿ. ಅದನ್ನು ತೆರೆದರೆ ಊರಿಗೆಲ್ಲ ಮೇಲ್ಪಂಕ್ತಿಯಾಗುತ್ತದೆ ಎಂದರು ಮಾಸ್ತರರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನ ಎದೆ ಹಾರಿತು. ನಾಳೆಯೇ ತೆರೆಯುತ್ತಾರೆ ಅಂದುಕೊಂಡೆ. ಎಂಥ ಹುಚ್ಚು ನನ್ನದು! ಯಾರ ಇಟ್ಟಿಗೆ ಮೊದಲು ಎಂಬ ಪ್ರಶ್ನೆ ಎದ್ದಿತು.

"ಮೊದಲ ನಾವು ತೆಗದ್ರ, ಹೊಕ್ಕು ಬರ್ಲಿಕ್ಕಿ ಹತ್ಯಾರಂತ ಅವರ ಮನ್ಯಾಗಿನ ಹೆಣ್ಮಕ್ಕಳು ಹೆದರ್ತಾರ್ರಿ," ಎಂದ ಅಪ್ಪ. "ಅವರು ತೆಗೀಲಿ, ಆಮ್ಯಾಲ ನಾವು."

"ಸಾವಕಾರರು ಮೊದಲ ಇಟ್ಟಾರ್ರಿ, ಅವರ ಮರ್ಯಾದಿ ದೊಡ್ಡದು," ಎಂದರು ಮುನ್ಷಿ ಸಾಹೇಬರು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು. "ಅವರಕಿಂತ ಮೊದಲ ನಾ ಕೈ ಹಚ್ಚೋದು ಬೇಅದಬಿ ಆಗ್ತದ್ರಿ. ಅವರು ತೆಗೀಲಿ, ಆಮ್ಯಾಲ ನಾವು."

ನೋಡಿ, ಇಬ್ಬರೂ ಸಭ್ಯರೇ. ಇಬ್ಬರ ಮಾತಿನಲ್ಲೂ ಕೆಟ್ಟದ್ದು ಒಂದಕ್ಷರವಿಲ್ಲ. ಆ ಸಭ್ಯತೆಯಲ್ಲೇ ಮೂರು ತಿಂಗಳು ಹೋದವು. ಕಡೆಗೆ ಮಾಸ್ತರರು ತೀರ್ಮಾನ ಕೊಟ್ಟರು: ಬೀದರದಿಂದ ದೊಡ್ಡ ಸಾಹೇಬರೊಬ್ಬರನ್ನು ಕರೆಸುವುದು, ಅವರ ಕೈಯಿಂದ ಎರಡೂ ಗೋಡೆಯನ್ನು ಒಂದೇ ದಿನ ಒಡೆಸುವುದು, ಅಲ್ಲಿಯವರೆಗೆ ಎರಡೂ ಕಡೆಯವರು ಇಟ್ಟಿಗೆ ಮುಟ್ಟಕೂಡದು. ಠರಾವು ಪಾಸಾಯಿತು. ಎರಡು ಭಾಷೆಯಲ್ಲೂ ಬರೆದರು.

ದೊಡ್ಡ ಸಾಹೇಬರು ಮಳೆ ನಿಂತ ಮೇಲೆ ಬರುತ್ತೇನೆಂದರು. ಮಳೆ ನಿಂತಿತು. ದಸರೆಗೆ ಎಂದರು. ದಸರೆಯೂ ಹೋಯಿತು.

ಆ ಮಳೆಗಾಲದ ರಮಜಾನ್ ಹಬ್ಬದ ಮರುದಿನ ಒಂದು ವಿಚಿತ್ರ ನಡೆಯಿತು. ನಾನು ಎಂದಿನಂತೆ ಮೂರು ಸಲ ಬಡಿದೆ. ಎರಡು ಸಲ ಉತ್ತರ ಬಂತು. ಆದರೆ ಸದ್ದು ಮಂದವಾಗಿರಲಿಲ್ಲ, ಇಟ್ಟಿಗೆ ಕಿವಿಗೇ ಬಡಿದಂತೆ ಗಟ್ಟಿಯಾಗಿತ್ತು. ನಾನು ಅಂಗಡಿಗೆ ಓಡಿದೆ.

"ಅಪ್ಪಾ, ರಾಬಿಯಾ ಬಡಿಯೋದು ಭಾಳ ಹತ್ತಿರ ಕೇಳ್ಲಿಕ್ಕತ್ತದ!"

"ಮಳಿಗಿ ಗ್ವಾಡಿ ಹಸಿಯಾಗ್ಯಾವ, ಅದಕ್ಕ. ಹೋಗು, ನಿಮ್ಮವ್ವಗ ರೊಟ್ಟಿ ಬಡೀಲಿಕ್ಕಿ ಕೈ ಹಚ್ಚು," ಎಂದು ಅಪ್ಪ ಗಿರಾಕಿಯ ಕಡೆ ತಿರುಗಿದ.

ಮರುದಿನ ನಾನು ಕುಡುಗೋಲಿನ ತುದಿಯಿಂದ ಒಂದು ಇಟ್ಟಿಗೆಯ ಸುತ್ತ ಮಣ್ಣು ಕೆದಕಲು ಕೂತೆ. ನಾಲ್ಕು ದಿನ ಕೆದಕಿದೆ. ಲಂಗದ ಮಡಿಲಲ್ಲಿ ಮಣ್ಣು ತುಂಬಿಕೊಂಡು ಹಿತ್ತಿಲಲ್ಲಿ ಚೆಲ್ಲಿ ಬರುತ್ತಿದ್ದೆ. ಐದನೆಯ ದಿನ ಇಟ್ಟಿಗೆ ಅಲುಗಾಡಿತು, ಮಕ್ಕಳ ಹಾಲುಹಲ್ಲು ಅಲುಗಾಡುವ ಹಾಗೆ. ಇನ್ನೊಂದು ದಿನ ಸಿಕ್ಕಿದ್ದರೆ ಸಾಕಿತ್ತು. ಜೋಳ ತೆಗೆಯಲು ಬಂದ ಅಪ್ಪ ನೋಡಿಬಿಟ್ಟ. ಅವನು ನನಗೆ ಹೊಡೆದದ್ದು ಜನ್ಮದಲ್ಲಿ ಅದೊಂದೇ ಸಲ.

"ಠರಾವ್ ಆಗ್ಯಾದ, ಗೊತ್ತಿಲ್ಲೇನು? ನಾಳಿಗಿ ಮುನ್ಷಿ ಸಾಹೇಬರ ಮುಂದ ನಾ ಹ್ಯಾಂಗ ಮಾರಿ ತೋರಿಸ್ಲಿ? ಕೊಟ್ಟ ಮಾತು ಮುರದಾನ ಅಂತಾರ!"

ಆ ಸಂಜೆಯೇ ಸೆಗಣಿ ಕಲಸಿದ ಮಣ್ಣು ತಂದು ತಾನೇ ಆ ಸಂದಿಯನ್ನು ಮೆತ್ತಿದ. ಎಷ್ಟು ಚೆನ್ನಾಗಿ ಮೆತ್ತಿದ ಎಂದರೆ, ನಾನು ಕೆದಕಿದ್ದು ಎಲ್ಲಿ ಎಂಬುದೇ ತಿಳಿಯದಾಯಿತು. ನನ್ನ ಕೆನ್ನೆಯ ಉರಿಗಿಂತ ಅದನ್ನು ನೋಡಿದ ಸಂಕಟ ಹೆಚ್ಚಾಗಿತ್ತು.

ಅತ್ತ ಕಚೇರಿಯಲ್ಲಿ ಉರ್ದು ಅರ್ಜಿಗಳು ಕಡಿಮೆಯಾಗುತ್ತಿದ್ದವು. ಮುನ್ಷಿ ಸಾಹೇಬರ ಚಾಪೆಯ ಮುಂದೆ ಜನ ನಿಲ್ಲುತ್ತಿರಲಿಲ್ಲ. ಎಳ್ಳಮಾಸಿಗೆ ನಾಲ್ಕು ದಿನ ಇರುವಾಗ ಅವರು ಅಂಗಡಿಗೆ ಬಂದರು. ನಾನು ಅಪ್ಪನ ಬುತ್ತಿ ತಂದು ಅಲ್ಲೇ ಕೂತಿದ್ದೆ.

"ಹೈದರಾಬಾದಿನಾಗ ನಮ್ಮ ಭಾವನ ಕಾಗದದ ದುಕಾನ ಅದರಿ. ಅಲ್ಲಿ ಬರೆಯೋ ಕೆಲಸ ಸಿಗ್ತದಂತ. ಇವತ್ತ ಮಧ್ಯಾಹ್ನದ ಗಾಡಿಗಿ ಹೋಗ್ತೇವ್ರಿ."

ಅಪ್ಪ ಎದ್ದು ನಿಂತ. ಕೈಯಲ್ಲಿದ್ದ ಗಜಕೋಲನ್ನು ಕೆಳಗಿಟ್ಟು ಅವರ ಹತ್ತಿರ ಬಂದ. ಆದರೆ ಅವನ ಬಾಯಿಂದ ಬಂದ ಮಾತು ಇದು: "ಹಂಗಾದ್ರ ಖಿಡಕಿ ಕಾರ್ಯಕ್ರಮ? ಸಾಹೇಬರು ಸಂಕ್ರಾಂತಿಗಿ ಬರ್ತೇನಿ ಅಂದಾರ. ನೀವು ಇರಬೇಕಾಗಿತ್ರಿ."

ಮುನ್ಷಿ ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಅಪ್ಪನ ಮುಖ ನೋಡಿದರು. ಆಮೇಲೆ, "ನೀವು ಅದೀರಲ್ರಿ, ಸಾವಕಾರ್ರ," ಎಂದಷ್ಟೇ ಹೇಳಿ, ಅಪ್ಪನ ಕೈ ಒಮ್ಮೆ ಹಿಡಿದು, ಹೋದರು.

ನಾನು ಮನೆಗೆ ಓಡಿದೆ. ಜೋಳದ ಕೋಣೆಯಲ್ಲಿ ಬಡಿತ ಕೇಳುತ್ತಲೇ ಇತ್ತು. ಎರಡು ಸಲವಲ್ಲ, ಲೆಕ್ಕವಿಲ್ಲದೆ, ನಿಲ್ಲಿಸದೆ. ನಾನು ಎರಡೂ ಕೈಯಿಂದ ಬಡಿದೆ. ಸ್ವಲ್ಪ ಹೊತ್ತಿಗೆ ಆ ಕಡೆಯದು ನಿಂತಿತು. ಮೊದಲ ಸಲ ಅಪ್ಪಣೆ ಮುರಿದು ಗಲ್ಲಿ ಸುತ್ತಿಕೊಂಡು ಅವರ ಮುಂಬಾಗಿಲಿಗೆ ಹೋದೆ. ಬೀಗ ಬಿದ್ದಿತ್ತು. ಟಾಂಗಾದ ಗಾಲಿಯ ಗುರುತು ಧೂಳಿನಲ್ಲಿ ಹಸಿಯಾಗಿತ್ತು.

ಸಂಕ್ರಾಂತಿ ಕಳೆದು ಎರಡನೆಯ ವಾರ ದೊಡ್ಡ ಸಾಹೇಬರು ಬಂದರು. ಜೋಳದ ಚೀಲಗಳನ್ನು ಸರಿಸಿ ಜಮಖಾನ ಹಾಸಿದ್ದರು. ಖಿಡಕಿಗೆ ಕೆಂಪು ರಿಬ್ಬನ್ನು, ಗುದ್ದಲಿಗೆ ಚೆಂಡು ಹೂವಿನ ಮಾಲೆ. ಮಾಸ್ತರರು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಸಾಹೇಬರು ರಿಬ್ಬನ್ನು ಕತ್ತರಿಸಿ, ಗುದ್ದಲಿಯನ್ನು ಇಟ್ಟಿಗೆಗೆ ತಾಕಿಸಿ ಗೌಂಡಿಯ ಕೈಗೆ ಕೊಟ್ಟರು. ಎರಡು ಗೋಡೆ ಒಡೆಯಬೇಕೆಂದು ಗೌಂಡಿ ಧೋತರ ಬಿಗಿದು ನಿಂತಿದ್ದ.

ಮೊದಲ ಏಟಿಗೇ ನಾಲ್ಕಾರು ಇಟ್ಟಿಗೆ ಆ ಕಡೆಗೆ ಬಿದ್ದವು. ಬೆಳಕು ಒಳಗೆ ನುಗ್ಗಿತು. ಎರಡನೆಯ ಗೋಡೆ ಇರಲೇ ಇಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪನೊಬ್ಬ ತಟ್ಟಲಿಲ್ಲ. ನಾನು ಯಾರ ಮಾತನ್ನೂ ಕೇಳದೆ ಒಳಗೆ ನುಸುಳಿದೆ. ಅಡುಗೆಮನೆಯ ಮೂಲೆಯಲ್ಲಿ ಅವರ ಕಡೆಯ ಇಟ್ಟಿಗೆಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿಟ್ಟಿದ್ದರು. ಅವುಗಳ ಮೇಲೆ ಬೆರಳಿಗೆ ಹತ್ತುವಷ್ಟು ಮಸಿ, ಜೇಡರ ಬಲೆ. ಎಷ್ಟೋ ತಿಂಗಳ ಹಿಂದೆ ತೆಗೆದದ್ದು. ಹತ್ತಿರದ ಗೂಡಿನಲ್ಲಿ ಒಂದು ತಟ್ಟೆ, ಅದರ ಮೇಲೆ ಬಿಳಿ ಅರಿವೆ. ಅರಿವೆ ಎತ್ತಿದೆ. ಹುಳ ಹಿಡಿದ ಶ್ಯಾವಿಗೆ, ಒಣಗಿದ ಖರ್ಜೂರ. ರಮಜಾನಿನದು. ಈಗ ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಖಾಲಾ ಕಾದ ತಟ್ಟೆ.

ಅಂದರೆ ಠರಾವನ್ನು ಬರೆದವರ ಮನೆಯಲ್ಲೇ ಅದು ಮುರಿದಿತ್ತು. ಹೆಂಡತಿ ಇಟ್ಟಿಗೆ ತೆಗೆದದ್ದನ್ನು ಮುನ್ಷಿ ಸಾಹೇಬರು ಹೇಳಲಿಲ್ಲ. ಹೇಳಿದರೆ ನಮ್ಮಪ್ಪನಿಗೆ 'ಈಗ ನಿಮ್ಮ ಸರದಿ' ಎಂದಂತಾಗುತ್ತಿತ್ತು, ಅದನ್ನು ಅವರ ಅದಬು, ಅವರ ಆ ಮರ್ಯಾದೆ, ಒಪ್ಪಲಿಲ್ಲ. ಹಬ್ಬದಿಂದ ಎಳ್ಳಮಾಸಿಯವರೆಗೆ ರಾಬಿಯಾ ಬಡಿದದ್ದು ನಮ್ಮ ಗೋಡೆಯನ್ನೇ. ಗೌಂಡಿ ಕೆಡವಿದ ಇಟ್ಟಿಗೆಯೊಂದರ ಬೆನ್ನಿಗೆ ಬಡಿದು ಬಡಿದು ಕುಳಿ ಬಿದ್ದಿತ್ತು. ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು.

"ಈ ಮನೆಯವರು ಎಲ್ಲಿ?" ಎಂದು ಸಾಹೇಬರು ಕೇಳಿದರು.

"ಹೈದರಾಬಾದಿಗಿ ಹೋಗ್ಯಾರ್ರಿ," ಎಂದರು ಮಾಸ್ತರರು. "ಆದರ ಮಂಡಳಿ ಸದಸ್ಯತ್ವ ಇನ್ನ ಅದರಿ."

ಎಲ್ಲರೂ ಹೋದ ಮೇಲೆ ಅವ್ವ ಖಿಡಕಿಯಲ್ಲಿ ಬಗ್ಗಿ ಆ ಕಡೆ ಹೋದಳು. ತಟ್ಟೆ ಹಿಡಿದುಕೊಂಡು ಬಂದು ಅಪ್ಪನ ಮುಂದೆ ಇಟ್ಟಳು. "ಹೆಂಗಸು ಒಬ್ಬಾಕಿ ಸುಮ್ಮ ತೆಗದಿಟ್ಟಾಳ ನೋಡ್ರಿ. ಹನ್ನೆರಡು ಮಂದಿ ಕೂಡಿ ನೀವು ಏನ ತೆಗದ್ರಿ?"

ಅಪ್ಪ ತಟ್ಟೆಯ ಮೇಲೆ ಮತ್ತೆ ಅರಿವೆ ಮುಚ್ಚಿದ. ಹೈದರಾಬಾದಿಗೆ ಎರಡು ಕಾಗದ ಬರೆಸಿದ. ವಿಳಾಸ ಸರಿಯಿತ್ತೋ ಇಲ್ಲವೋ, ಉತ್ತರ ಬರಲಿಲ್ಲ. ರಾಬಿಯಾ ಎಲ್ಲಿಗೆ ಮದುವೆಯಾಗಿ ಹೋದಳು, ಇದ್ದಾಳೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ಅವಳ ಮುಖಕ್ಕಿಂತ ಅವಳ ಎರಡು ಬಡಿತವೇ ನನಗೆ ಹೆಚ್ಚು ನೆನಪಿದೆ.

ಎರಡು ವರ್ಷದ ಮೇಲೆ ಆ ಮನೆಯನ್ನು ಬೇರೆ ಯಾರೋ ಕೊಂಡರು. ನಮ್ಮ ಜಾತಿಯವರೇ, ದೂರದ ನೆಂಟರೂ ಹೌದು. ಬಂದವರು ಮೊದಲು ಮಾಡಿದ್ದು ಖಿಡಕಿಗೆ ಇಟ್ಟಿಗೆ ಇಡಿಸಿದ್ದು. ಅದಕ್ಕೆ ಸಭೆ ಕೂಡಲಿಲ್ಲ, ಠರಾವು ಆಗಲಿಲ್ಲ, ಬೀದರದಿಂದ ಯಾರೂ ಬರಬೇಕಾಗಲಿಲ್ಲ. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಗೌಂಡಿ ಹೋದ ಮೇಲೆ ನಾನು ಹಸಿ ಮಣ್ಣಿನ ಮೇಲೆ ಮೂರು ಸಲ ಬಡಿದು ನಿಂತೆ. ನನ್ನ ಗೆಣ್ಣಿಗೆ ಮಣ್ಣು ಹತ್ತಿತು, ಅಷ್ಟೇ.