ಅಕ್ಕ ಕಟ್ಟಿದ ತೆರಿಗೆ

ಮೊನ್ನೆ ಕಡೂರಿನ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಫಾರಂ ಒಂದನ್ನು ಮುಂದಿಟ್ಟು, "ಸೈನ್ ಹಾಕಿ ತಾತ, ಇಲ್ಲಾಂದ್ರೆ ಬಡ್ಡೀಲಿ ಟ್ಯಾಕ್ಸ್ ಹಿಡ್ಕೊಂಡ್ಬಿಡುತ್ತೆ" ಎಂದಳು. ತೆರಿಗೆ ಕಟ್ಟುವಷ್ಟು ವರಮಾನ ನನಗಿಲ್ಲ ಎಂದು ಬರೆದುಕೊಡುವ ಫಾರಂ ಅದು. ಹಾಕಿದೆ. ಪಕ್ಕದಲ್ಲೇ ಅಕ್ಕ ನಿಂತು ಮೂಗು ಮುರಿದಂತಾಯಿತು. ಅವಳು ತೀರಿಕೊಂಡು ಇನ್ನೂ ಮೂರು ತಿಂಗಳಾಗಿಲ್ಲ.

ಎಂಬತ್ತರ ದಶಕದ ಮಾತು. ನಾನಾಗ ಅಜ್ಜಂಪುರದ ಕಾಳಿನ ಮಂಡಿಯಲ್ಲಿ ಗುಮಾಸ್ತ. ಭಾವ ತೀರಿಕೊಂಡ ಮೇಲೆ ಗಂಗಕ್ಕ ಶಿವನಿಯಿಂದ ಸ್ಟೇಷನ್ ಪಕ್ಕದ ನಮ್ಮ ಮನೆಗೆ ಬಂದಳು. ಅವಳ ಪಾಲಿನ ಹೊಲಕ್ಕೆ ಮೈದುನಂದಿರು ಕೊಟ್ಟ ಹಣವನ್ನು ಬೆಂಗಳೂರಿನ ಒಂದು ಕಂಪನಿಯಲ್ಲಿ ಠೇವಣಿ ಇಟ್ಟೆವು. ಬ್ಯಾಂಕಿಗಿಂತ ಬಡ್ಡಿ ಹೆಚ್ಚು. ಆದರೆ ಬಡ್ಡಿ ಬಂದಾಗ ನೋಡಿದರೆ, ಆದಾಯ ತೆರಿಗೆ ಎಂದು ಅದರಲ್ಲೇ ಒಂದಿಷ್ಟು ಮುರಿದುಕೊಂಡಿದ್ದರು.

ದಿನವಿಡೀ ಲೆಕ್ಕ ಬರೆಯುವ ನನಗೆ ಹೊಟ್ಟೆ ಉರಿಯಿತು. ತರೀಕೆರೆಗೆ ಹೋಗಿ, ಪರಿಚಯದ ವಕೀಲರನ್ನು ಕೇಳಿ, ಫಾರಂ ತಂದೆ.

"ಇದಕ್ಕೊಂದು ಸೈನ್ ಹಾಕಕ್ಕ. ಮುಂದಿನ ಸಲ ಹಿಡಿಯಲ್ಲ."

"ಏನಂತ ಬರದೈತೆ?"

"ನಂಗೆ ಅಷ್ಟು ವರಮಾನ ಇಲ್ಲ ಅಂತ."

"ನನ್ ಕೈಲಿ ಆಗಾಕಿಲ್ಲ ಅಂತ ಬರ್ಕೊಡ್ಲಾ? ಹೋಗಲೋ! ಸರ್ಕಾರಕ್ಕಾದ್ರೂ ನನ್ ದುಡ್ಡು ಬೇಕಲ್ಲ."

ಆ ಕೊನೆಯ ಮಾತು ನನಗೇ ತಾಗಲೆಂದು ಆಡಿದ್ದು. ಮನೆ ಖರ್ಚಿಗೆಂದು ಅವಳು ಏನಾದರೂ ಕೊಡಲು ಬಂದರೆ ನಾನು ಮುಟ್ಟುತ್ತಿರಲಿಲ್ಲ. ತವರಲ್ಲಿ ಉಣ್ಣುವುದಕ್ಕೆ ದುಡ್ಡು ಕೊಡುತ್ತಾರೆಯೇ ಎಂದು ದೊಡ್ಡ ಮನುಷ್ಯನಂತೆ ಹೇಳುತ್ತಿದ್ದೆ. ಅವಳು ಸೆರಗಿನ ಗಂಟು ಬಿಗಿದುಕೊಂಡು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಫಾರಂ ಹಾಗೇ ಉಳಿಯಿತು. ತೆರಿಗೆ ಮುರಿದುಕೊಳ್ಳುತ್ತಲೇ ಹೋದರು. ನೀವು ನಗಬಹುದು, ಅಕ್ಕನಿಗೆ ಅದರಿಂದ ಒಂದು ಗತ್ತೇ ಬಂದಿತ್ತು.

"ಏನ್ ಗಂಗಮ್ಮಾರೆ, ಟ್ಯಾಕ್ಸ್ ಕಟ್ಟೋ ಸಾವ್ಕಾರ್ತಿ ಆಗ್ಬಿಟ್ರಿ!" ಎಂದು ಪೋಸ್ಟ್‌ಮ್ಯಾನ್ ಛೇಡಿಸಿದರೆ, "ಮತ್ತೇನ್ ತಿಳ್ಕಂಡೆ? ಆ ರೈಲು ಓಡ್ತಿರೋದೇ ನನ್ ದುಡ್ಡಲ್ಲಿ ಕಣಯ್ಯ" ಎನ್ನುತ್ತಿದ್ದಳು. ರೈಲು ತಡವಾದ ದಿನ ಸ್ಟೇಷನ್ನಿನ ಕಡೆ ತಿರುಗಿ ಗದರುವುದೂ ಇತ್ತು.

ಕೆಲವು ವರ್ಷಗಳಾದ ಮೇಲೆ ಒಂದು ಸಲ ಬಡ್ಡಿ ಪೂರ್ತಿ ಬಂತು. ಚೆಕ್ಕನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಯಾಕೋ, ನನ್ ಬಿಟ್ಬಿಟ್ರಾ?"

"ಸಣ್ಣೋರಿಗೆ ತೊಂದ್ರೆ ಬ್ಯಾಡ ಅಂತ ಟ್ಯಾಕ್ಸ್ ಹಿಡಿಯೋ ಮಿತಿ ಏರ್ಸವ್ರೆ ಕಣಕ್ಕ. ಒಳ್ಳೇದೇ ಆಯ್ತಲ್ಲ."

ಅವಳು ಚೆಕ್ಕನ್ನು ನನ್ನ ಕೈಗೆ ಕೊಟ್ಟಳು. ಹೊಸ್ತಿಲ ಬಳಿ ಕೂತು, ರೈಲು ಬಂದು ಹೋದರೂ ತಲೆ ಎತ್ತಲಿಲ್ಲ. ಅಂಥ ಮುಖ ನಾನು ಭಾವ ಹೋದಾಗ ನೋಡಿದ್ದೆ.

ಚೆಕ್ಕಿನ ಹಣ ಕೈಗೆ ಬಂದ ದಿನ ಅವಳು ಅಡುಗೆಮನೆಗೆ ಹೋಗಿ ನನ್ನ ಹೆಂಡತಿ ಶಾಂತಾಳ ಮುಂದೆ ಒಂದಿಷ್ಟು ನೋಟು ಹಿಡಿದಳು. "ಇದು ಅವ್ರು ಹಿಡೀತಿದ್ದಷ್ಟು. ಇನ್ಮೇಲೆ ನೀನೇ ಹಿಡ್ಕ."

ನಾನು ಬಾಯಿ ತೆರೆಯುವಷ್ಟರಲ್ಲಿ ಶಾಂತಾ ಕೈ ಒರೆಸಿಕೊಂಡು ಇಸಿದುಕೊಂಡಳು. "ಕೊಡಿ ಅಕ್ಕ. ಈ ತಿಂಗ್ಳು ಎಣ್ಣೆ ನಿಮ್ದೇ."

ಅಂದು ಊಟಕ್ಕೆ ಕೂತಾಗ ಅಕ್ಕ ಎರಡು ತುತ್ತು ನುಂಗಿ, "ಶಾಂತಾ, ಸಾರಿಗೆ ಉಪ್ಪು ಕಮ್ಮಿ ಕಣೇ" ಎಂದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಂದಾಗಿನಿಂದ ಅವಳು ಒಂದು ದಿನವೂ ನಮ್ಮ ಊಟದಲ್ಲಿ ತಪ್ಪು ಹುಡುಕಿದವಳಲ್ಲ.

"ಎಣ್ಣೆ ಕೊಡ್ಸಿದ್ದಕ್ಕೇ ಇಷ್ಟು ಜೋರಾ?" ಶಾಂತಾ ನಕ್ಕಳು.

"ಮತ್ತೆ? ಟ್ಯಾಕ್ಸ್ ಕಟ್ಟೋರು ಕೇಳ್ಬಾರ್ದಾ?"

ಆಮೇಲೆ ಅವಳು ಕೇಳುವುದನ್ನು ಬಿಡಲೇ ಇಲ್ಲ. ಕಡೂರಿಗೆ ಬಂದು ನೆಲೆಸಿದೆವು, ಶಾಂತಾ ತೀರಿಕೊಂಡಳು, ಸೌಟು ನನ್ನ ಕೈಗೆ ಬಂತು. ಬಾಗಿಲಿಗೆ ಒರಗಿ ಅಕ್ಕ ನನ್ನ ಅಡುಗೆಯ ತಪ್ಪು ಹಿಡಿಯುತ್ತಿದ್ದಳು. ಖಾರ ಹೆಚ್ಚು, ಮುದ್ದೆ ಗಂಟು. ನಾನು ಗೊಣಗುತ್ತಿದ್ದೆ.

ಮೊನ್ನೆ ಬ್ಯಾಂಕಿನಿಂದ ಬಂದು ಹುರುಳಿ ಸಾರು ಮಾಡಿ, ಉಂಡು, ತಟ್ಟೆ ತೊಳೆದಿಟ್ಟೆ. ಒಲೆ ಒರೆಸುವಾಗ ಹೊಳೆಯಿತು. ಸಾರಿಗೆ ಉಪ್ಪೇ ಹಾಕಿರಲಿಲ್ಲ. ಅಷ್ಟನ್ನೂ ಹಾಗೆಯೇ ಉಂಡಿದ್ದೆ.