ಡಾಲಿ ಅತ್ತಿಗೆಯ ಮುಂದಿನ ಸೀಟು

ಡಾಲಿ ಅತ್ತಿಗೆಯನ್ನು ನಾನು ಮೊದಲು ನೋಡಿದ್ದು ೧೯೫೪ರಲ್ಲಿ, ನನ್ನ ಮದುವೆಯ ದಿವಸ. ನೋಡಿದ್ದು ಅಂದರೆ ಅವರ ತುರುಬನ್ನು ಮಾತ್ರ. ಇಗರ್ಜಿಯಿಂದ ಬೋಳಾರದ ಮನೆಗೆ ನಮ್ಮನ್ನು ಕರೆದುಕೊಂಡು ಹೋದದ್ದು ನನ್ನ ಗಂಡ ಹ್ಯೂಬರ್ಟರ ಅಣ್ಣ ರೇಮಂಡರ ಬಾಡಿಗೆ ಕಾರು, ಕಪ್ಪು ಮೋರಿಸ್. ಡಾಲಿ ರೇಮಂಡಣ್ಣನ ಹೆಂಡತಿ. ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತು ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದರು. ಎಡಕ್ಕೆ ಎತ್ತಿನ ಗಾಡಿ. ಮುಂದೆ ಮೀನಿನ ಬುಟ್ಟಿ ಹೊತ್ತವಳು ದಾಟ್ತಾಳೆ. ದಾಟಿದಳು.

ಹ್ಯೂಬರ್ಟ್ ನನ್ನ ಕಿವಿಯಲ್ಲಿ ಹೇಳಿದರು, "ರೇಡಿಯೋ ಆದರೆ ಕಿವಿ ತಿರುಪಿ ನಿಲ್ಲಿಸಬಹುದು ಮಾರಾಯ್ತಿ, ಅತ್ತಿಗೆಗೆ ಅದೂ ಇಲ್ಲ."

ಅತ್ತಿಗೆಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಎಂತ ಮಾಡಲಿ ಎಂದು ಬಾಡಿಗೆಗೂ ಗಂಡನ ಜೊತೆ ಹೋಗುತ್ತಿದ್ದರು. ಜನರಿಗೂ ಅದು ಒಳ್ಳೆಯದೇ ಆಯಿತು. ಹೆರಿಗೆ ನೋವು ಬಂದವಳನ್ನು ಆಸ್ಪತ್ರೆಗೆ ಸಾಗಿಸಬೇಕಾದರೆ ಬೋಳಾರದವರು 'ಹೆಂಗಸು ಇರುವ ಕಾರು' ಬೇಕೆಂದು ಇವರಲ್ಲಿಗೇ ಓಡಿ ಬರುತ್ತಿದ್ದರು. ನನ್ನ ಎರಡೂ ಹೆರಿಗೆಗೆ ನಾನು ಹೋದದ್ದು ಅದರಲ್ಲೇ. ಆ ಕಾರು ಒಂದು ಕೋಳಿಗೂ ತಾಗಿದ್ದಿಲ್ಲ. ಒಂದೇ ಕಟ್ಟುನಿಟ್ಟು, ಕತ್ತಲಾದ ಮೇಲೆ ಹೊರಡುವುದಿಲ್ಲ. ಅತ್ತಿಗೆಗೆ ಕತ್ತಲೆಂದರೆ ಹೆದರಿಕೆ ಎಂದು ರೇಮಂಡಣ್ಣ ಹೇಳುತ್ತಿದ್ದರು.

ರೇಮಂಡಣ್ಣನಿಗೆ ಕ್ರಿಕೆಟ್ಟಿನ ಹುಚ್ಚು. ಕಾಮೆಂಟರಿ ಇರುವ ದಿನ ರೇಡಿಯೋದ ಎದುರಿನಿಂದ ಏಳುತ್ತಿರಲಿಲ್ಲ. ೧೯೬೨ರ ಜನವರಿಯಲ್ಲಿ ಇಂಗ್ಲೆಂಡಿನವರು ಮದ್ರಾಸಿನಲ್ಲಿ ಆಡುತ್ತಾರೆಂದು ಗೊತ್ತಾದದ್ದೇ, ಎಲ್ಲರೂ ಕಾರಿನಲ್ಲೇ ಹೋಗುವ, ಮಕ್ಕಳಿಗೆ ಊರುಗಳನ್ನೂ ತೋರಿಸುವ ಎಂದು ಹಟ ಹಿಡಿದರು. ನಾವು ನಾಲ್ವರು, ಅವರಿಬ್ಬರು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಸಣ್ಣವ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದ. ಎದುರಿನಿಂದ ಲಾರಿಗಳು. ಅತ್ತಿಗೆ ಮಾತು ನಿಲ್ಲಿಸಲೇ ಇಲ್ಲ.

ಮೈಸೂರಿನಲ್ಲಿ ಅರಮನೆಗಿಂತ ಮೊದಲು ಕಾಲೇಜಿನ ಮೈದಾನ, ಬೆಂಗಳೂರಿನಲ್ಲಿ ಲಾಲ್‌ಬಾಗಿಗಿಂತ ಮೊದಲು ಫುಟ್‌ಬಾಲ್ ಮೈದಾನ. ಗಂಡ ಹೆಂಡತಿ ಬೇಲಿ ಹಿಡಿದು ನಿಲ್ಲುತ್ತಿದ್ದರು. ಹುಲ್ಲು ಎಲ್ಲಿವರೆಗೆ ಉಂಟು, ಮೆಟ್ಟಿಲು ಎಷ್ಟು ಎತ್ತರ, ಎಲ್ಲವನ್ನೂ ಅತ್ತಿಗೆ ಹೇಳಬೇಕು. ಮದ್ರಾಸಿನ ಬೀಚಿನಲ್ಲೂ ಅದೇ ಆಯಿತು. "ಸಮುದ್ರವನ್ನೂ ಹೇಳಿ ಕೊಡಬೇಕಾ? ನಮ್ಮ ಊರಲ್ಲಿ ಇಲ್ಲದ್ದಾ?" ಎಂದು ಹ್ಯೂಬರ್ಟ್ ಕುಶಾಲು ಮಾಡಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಮ್ಯಾಚಿನ ದಿವಸ ಸ್ಟೇಡಿಯಂನಲ್ಲಿ ಬಿಸಿಲೋ ಬಿಸಿಲು. ಹ್ಯೂಬರ್ಟ್ ದೊಡ್ಡವನನ್ನು ಕರೆದುಕೊಂಡು ಸೋಡಾ ತರಲು ಹೋದರು. ಸಣ್ಣವನಿಗೆ ಮೂತ್ರ ಬಂತೆಂದು ಅತ್ತಿಗೆ ಅವನನ್ನು ಎತ್ತಿಕೊಂಡು ಹೋದರು. ಉಳಿದದ್ದು ರೇಮಂಡಣ್ಣ, ನಾನು. ಆಗಲೇ ಒಬ್ಬ ಚೆಂಡನ್ನು ಎತ್ತಿ ಹೊಡೆದ. ಅದು ನೇರ ನಮ್ಮ ಕಡೆಗೇ ಬಂತು. ಸುತ್ತಲಿನವರೆಲ್ಲ ಬಗ್ಗಿದರು, ನಾನೂ ತಲೆ ಮುಚ್ಚಿಕೊಂಡೆ. ರೇಮಂಡಣ್ಣ ಮಾತ್ರ ಮೈದಾನದ ಕಡೆ ಮುಖ ಮಾಡಿ ನಗುತ್ತ ಕೂತೇ ಇದ್ದರು. ಚೆಂಡು ಅವರ ಮೊಣಕೈಯ ಪಕ್ಕದ ಹಲಗೆಗೆ ಬಡಿಯಿತು. ಆಮೇಲೆ ಬೆಚ್ಚಿಬಿದ್ದರು.

"ಡಾಲಿ, ಎಂತ ಅದು ಶಬ್ದ?" ಎಂದು ಕೇಳಿದರು. ಪಕ್ಕದಲ್ಲಿ ಇದ್ದದ್ದು ನಾನು.

ನನ್ನ ಕಣ್ಣ ಮುಂದೆ ಬಂದದ್ದು ಸಂಪಾಜೆಯ ತಿರುವು, ಲಾರಿ, ತೊಡೆಯ ಮೇಲಿನ ಮಗು. ನೋವು ತಿನ್ನುತ್ತ ಹಿಂದಿನ ಸೀಟಿನಲ್ಲಿ ಮಲಗಿ ಹೋದವರು ಎಷ್ಟು ಜನ!

ಅತ್ತಿಗೆ ತಿರುಗಿ ಬಂದವರು ನನ್ನ ಮುಖ ನೋಡಿದ್ದೇ ಎಲ್ಲ ತಿಳಿದುಕೊಂಡರು. ನನ್ನನ್ನು ಮೆಟ್ಟಿಲಿನ ಹಿಂದೆ ಕರೆದುಕೊಂಡು ಹೋದರು. ನನ್ನ ಮದುವೆಗೆ ಮೊದಲೇ ರೇಮಂಡಣ್ಣನ ಕಣ್ಣಿಗೆ ಮಬ್ಬು ಬಂದಿತ್ತಂತೆ. ಕನ್ನಡಕದಿಂದ ಪ್ರಯೋಜನ ಇಲ್ಲ ಎಂದು ಡಾಕ್ಟರರು ಹೇಳಿದ್ದರಂತೆ. ಈಗ ಲಾರಿ ಬಂದರೂ ನೆರಳಿನ ಹಾಗೆ ಕಾಣುವುದಂತೆ. ಕಾರು ಬಿಟ್ಟರೆ ಅವರಿಗೆ ಬೇರೆ ಅನ್ನ ಇಲ್ಲ.

"ಹ್ಯೂಬರ್ಟನಿಗೆ ಹೇಳಬೇಡ," ಎಂದರು. "ಈ ಕಾರು ಓಡಿಸುವುದು ನಾನು, ಫ್ಲಾವಿಯಾ. ಅವರದ್ದು ಕೈಕಾಲು ಮಾತ್ರ. ಇಷ್ಟು ವರ್ಷದಲ್ಲಿ ನಾನು ಒಂದು ಸಲ ತಪ್ಪಿದ್ದೇನಾ?"

ತಪ್ಪಿರಲಿಲ್ಲ. ಆದರೂ ನನ್ನ ಮಕ್ಕಳನ್ನು ಮತ್ತೆ ಆ ಕಾರಿಗೆ ಹತ್ತಿಸಲು ನನ್ನಿಂದ ಆಗುತ್ತಿರಲಿಲ್ಲ. ಹ್ಯೂಬರ್ಟ್ ಸೋಡಾ ಹಿಡಿದು ಬಂದಾಗ ಹೇಳಿಬಿಟ್ಟೆ. ಅವರು ಮೊದಲು ನಕ್ಕರು. ಆಮೇಲೆ ಅಣ್ಣನ ಮುಖದೆದುರು ಕೈ ಆಡಿಸಿ ನೋಡಿದರು. ಬೈಗುಳ ಇಲ್ಲ, ಗಲಾಟೆ ಇಲ್ಲ. ಅಣ್ಣನ ಕಿಸೆಯಿಂದ ತಾವೇ ಕೀ ತೆಗೆದುಕೊಂಡರು. ರೇಮಂಡಣ್ಣ ತಡೆಯಲಿಲ್ಲ.

ಕಾರನ್ನು ಮದ್ರಾಸಿನಲ್ಲೇ ಮಾರಿ ರೈಲಿನಲ್ಲಿ ಬಂದೆವು. ಅತ್ತಿಗೆ ಕಿಟಕಿಯ ಪಕ್ಕ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಚೆಂಡಿಗಿಂತ ದೊಡ್ಡ ಪೆಟ್ಟು.

ಆಮೇಲೆ ಅವರು ಬಲ್ಮಠದ ಹತ್ತಿರ ಒಂದು ಹೆರಿಗೆ ಮನೆಯಲ್ಲಿ ಆಯಾ ಆಗಿ ಸೇರಿ, ಬಟ್ಟೆ ಒಗೆದು ಗಂಡನನ್ನು ಸಾಕಿದರು. ರೇಮಂಡಣ್ಣ ಜಗಲಿಯಲ್ಲಿ ಕೂತಿರುತ್ತಿದ್ದರು. ಅತ್ತಿಗೆಗೆ ನನ್ನ ಮೇಲೆ ಸಿಟ್ಟು ಇತ್ತೋ ಇಲ್ಲವೋ, ತೋರಿಸಲಿಲ್ಲ. ಕ್ರಿಸ್ಮಸ್ ಹಬ್ಬಕ್ಕೆ ಮಕ್ಕಳಿಗೆ ಕುಸ್ವಾರಿನ ತಿಂಡಿ ಕಳಿಸುವುದನ್ನೂ ತಪ್ಪಿಸಲಿಲ್ಲ.

೧೯೬೮ರಲ್ಲಿ ಅವರಿಗೆ ಕಾಮಾಲೆ ಏರಿತು. ನಾನು ಗಂಜಿ ತೆಗೆದುಕೊಂಡು ಹೋದ ಕೊನೆಯ ದಿವಸ ಒಂದು ಚಮಚವೂ ಇಳಿಯಲಿಲ್ಲ. ನನ್ನ ಕೈ ಹಿಡಿದುಕೊಂಡು ಹತ್ತಿರ ಎಳೆದರು. ಆಮೇಲೆ ಕೇಳಿದರು:

"ಆವತ್ತು ನೀನು ಹೇಳದಿದ್ದರೆ ನಾನು ನಿಮ್ಮನ್ನೆಲ್ಲ ಮನೆ ಮುಟ್ಟಿಸ್ತಿದ್ದೆ. ಅಲ್ಲವಾ, ಫ್ಲಾವಿಯಾ?"