ನೀರು ಬಿಟ್ಟು ಬಸ್ಸು ಹತ್ತಿದ ಅಕ್ಕ

ಸಿಂಚನಾ, ಮಲ್ಲು,

ನಿನ್ನೆ ನಿಮ್ಮ ಅವ್ವ ನನ್ನ ಮೊಣಕಾಲಿಗೆಂದು ಪುಡಿಯ ಪೊಟ್ಟಣ ತಂದಳು. ಬಿಚ್ಚಿದೊಡನೆ ಲವಂಗ, ಅಜಿವಾನದ ಘಾಟು ಮೂಗಿಗೆ ಬಡಿಯಿತು. ತೆಗೆದುಕೊಂಡು ಹೋಗಿ ತಿಪ್ಪೆಗೆ ಎಸೆದುಬಿಟ್ಟೆ. ಅವಳು ಸಿಟ್ಟಾದಳು. ಯಾಕೆಂದು ಬಾಯಿಬಿಟ್ಟು ಹೇಳಲು ಆಗಲಿಲ್ಲ...

ದೊಡವಾಡದಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ನೀವು ಆಗಿನ್ನೂ ಹುಟ್ಟಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಹೊಸತರಲ್ಲಿ ನಾನು ಹೊಸ್ತಿಲು ದಾಟಲೂ ಅಂಜುತ್ತಿದ್ದೆ. ಅವಳು ಹಿತ್ತಲ ಗೋಡೆಯ ಮೇಲಿಂದ ಬಿಸಿ ರೊಟ್ಟಿ ಚಾಚಿ, "ತಿನ್ನವಾ, ನೀ ಉಪಾಸ ಬಿದ್ರ ಹೋದವರ ಹೊಟ್ಟಿ ತುಂಬೂದಿಲ್ಲ" ಎನ್ನುತ್ತಿದ್ದಳು.

ಅವಳಿಗೆ ಕೀಲು ಕೀಲು ನೋವು. ಸಂತೆಗೆ ಬರುತ್ತಿದ್ದ ಔಷಧದವನೊಬ್ಬ ಅಂಥದೇ ಪುಡಿ ಕೊಟ್ಟ. ನೋವು ಮಾಯವಾಯಿತು. ಅವಳು ಪುಡಿ ಬಿಡಲಿಲ್ಲ. ತಿಂಗಳುಗಳು ಕಳೆದಂತೆ ಮುಖ ದುಂಡಗಾಯಿತು, ಹೊಟ್ಟೆ ಬಂತು, ಕೈಕಾಲು ಮಾತ್ರ ಕಡ್ಡಿ.

"ಮಾರಿ ಹುಣ್ಣಿವಿ ಚಂದ್ರ ಆಗೇತಲ್ಲ! ಗಂಡ ಏನ ತಿನಸ್ತಾನವಾ?" ಎಂದು ಓಣಿಯವರು ಕೆಣಕುತ್ತಿದ್ದರು.

"ಅಂವ ತಿನಸೂದೇನ, ನಾ ಬಡದ ರೊಟ್ಟಿ ಅಂವ ತಿಂತಾನ" ಎಂದು ನಗುತ್ತಿದ್ದಳು.

ಆಮೇಲೆ ಬಾಯಾರಿಕೆ ಹತ್ತಿತು. ತಂಬಿಗೆ ನೀರು ಕುಡಿಯುವಳು, ಹಿತ್ತಲಿಗೆ ಓಡುವಳು, ಬಂದು ಮತ್ತೆ ತಂಬಿಗೆ ಎತ್ತುವಳು. ಸಕ್ಕರೆ ರೋಗವಿರಬೇಕೆಂದು ರಕ್ತ ನೋಡಿಸಿದರು. ಅದು ಇರಲಿಲ್ಲ. ಹಾಗಾದರೆ ಏನು? ಯಾರಿಗೂ ತಿಳಿಯಲಿಲ್ಲ. ರಾತ್ರಿಯೆಲ್ಲ ಗೋಡೆಯಾಚೆ ಅವಳ ಹೆಜ್ಜೆ ಸಪ್ಪಳ ಎಣಿಸುತ್ತ ಮಲಗಿರುತ್ತಿದ್ದೆ.

ಆಗಲೇ ಮುನವಳ್ಳಿಯಲ್ಲಿ ಬಸುರಿಯಾಗಿದ್ದ ಅವಳ ತಂಗಿಯ ಮಗಳ ಕುಬುಸದ ಶಾಸ್ತ್ರ ಬಂತು. ನಮ್ಮ ಹೆಂಗಸರಿಗೆ ಒಂದು ರೂಢಿ, ಬಸ್ಸು ಹತ್ತುವುದಿದ್ದರೆ ಹಿಂದಿನ ಸಂಜೆಯಿಂದಲೇ ನೀರು ಬಿಡುವುದು, ಹನಿಯನ್ನೂ ಕುಡಿಯದಿರುವುದು. ಗಂಡಸರೆದುರು ಬಸ್ಸು ನಿಲ್ಲಿಸಿ ಎನ್ನುವುದಕ್ಕಿಂತ ಗಂಟಲು ಒಣಗುವುದು ಲೇಸೆಂದು ಅವ್ವಂದಿರು ಕಲಿಸಿದ್ದರು. ಅವಳೂ ನೀರು ಬಿಟ್ಟಳು. ಬೆಳಿಗ್ಗೆ ಗಂಡನೊಡನೆ ಹೊರಟವಳು ನನ್ನನ್ನೂ ಕರೆದುಕೊಂಡಳು.

ಬಸ್ಸಿನಲ್ಲಿ ಅವಳ ತುಟಿಗಳು ಬೆಳ್ಳಗಾಗಿ ಒಡೆದಿದ್ದವು. ಬಾಟಲಿ ಚಾಚಿದೆ.

"ಹುಚ್ಚಿ, ಈಗ ಕುಡದ್ರ ಡ್ರೈವರನ ಮುಂದ ಮಾನ ಕಳಕೋಬೇಕ. ಮುನವಳ್ಳಿ ಬರಲಿ, ಅಲ್ಲಿ ಡ್ಯಾಮಿನ ನೀರೆಲ್ಲಾ ಕುಡೀತೇನಿ."

ಹಾಗೆಂದವಳು ಸೀರೆಯ ನೆರಿಗೆ ಒತ್ತಿ ಹಿಡಿದು ಕುಳಿತಿದ್ದಳು. ರಾತ್ರಿಯಿಂದ ಹನಿ ನೀರು ಕುಡಿಯದವಳಿಗೆ ಇನ್ನೂ ಹಿತ್ತಲಿಗೆ ಓಡುವ ಒತ್ತಡ! ಆ ನೀರು ಎಲ್ಲಿಂದ ಬರುತ್ತಿತ್ತು?

ಬಸ್ಸು ಬದಲಿಸಲು ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಇಳಿದವಳೇ ಮಡಚಿ ಬಿದ್ದಳು. ಆಸ್ಪತ್ರೆಯ ಡಾಕ್ಟರಮ್ಮ ಪುಡಿಯ ಸಂಗತಿ ಕೇಳಿ ತಲೆ ಅಲ್ಲಾಡಿಸಿ, ಅವಳ ಗಂಡನಿಗೆ ಹೇಳಿದರು:

"ಕಾರ್ಟಿಸಾಲ್ ಅಂತ ಮೈಯಾಗ ಒಂದು ಹಾರ್ಮೋನ್ ಐತ್ರಿ. ಪುಡಿಯಾಗ ಅದರಂಥದ್ದ ಔಷಧ ಬೆರಸ್ಯಾರ. 'ನೀರು ಹಿಡಕೋ' ಅಂತ ಮಿದುಳು ಕಿಡ್ನಿಗೆ ಬ್ಯಾರೆ ಹಾರ್ಮೋನ್ ಕಳಸತೈತಿ. ಕಾರ್ಟಿಸಾಲ್ ಅತಿಯಾದ್ರ ಅದು ಕಮ್ಮಿ ಬರತೈತಿ, ಬಂದ್ರೂ ಕಿಡ್ನಿ ಅದರ ಮಾತು ಸರಿಯಾಗಿ ಕೇಳಂಗಿಲ್ಲ. ಕುಡೀಲಿ ಬಿಡಲಿ, ಮೈಯಾಗಿನ ನೀರು ಹೊರಗ ಹೋಗತೈತಿ. ಅಂಥಾಕಿ ನೀರ ಬಿಟ್ಟಾಳ!"

ಮೈಗೆ ರೂಢಿಯಾದ ಆ ಪುಡಿಯನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯವಂತೆ. ಧಾರವಾಡದ ದೊಡ್ಡ ಆಸ್ಪತ್ರೆಗೆ ಒಯ್ದರು. ನೀರಿಲ್ಲದೆ ಸೋತ ಕಿಡ್ನಿಗಳು ಚೇತರಿಸಿಕೊಳ್ಳಲಿಲ್ಲ, ಜ್ವರವೂ ಸೇರಿತು. ವಾರ ತುಂಬುವುದರೊಳಗೆ ಅಕ್ಕ ಹೋದಳು. ಗೋಡೆಯ ಮೇಲಿಂದ ಆಮೇಲೆ ಯಾವ ಕೈಯೂ ಚಾಚಲಿಲ್ಲ...

ಮೊನ್ನೆ ಸವದತ್ತಿಗೆ ಹೊರಟಾಗ, ನನ್ನ ಪಕ್ಕ ಕೂತ ಬಸುರಿ ಹುಡುಗಿ ಗಂಡ ಕೊಟ್ಟ ನೀರನ್ನು ಸರಿಸಿ, "ಊರು ಮುಟ್ಟಲಿ ತಡೀರಿ" ಎಂದಳು. ಕುಡಿಯವಾ ಎನ್ನಬೇಕೆಂದು ಬಾಯಿ ತೆರೆದೆ. ನಾಚಿಕೆ, ಮಾತು ಬರಲಿಲ್ಲ. ಅವಳು ಇಳಿಯುವವರೆಗೂ ಜೀವ ಕೈಯಲ್ಲಿ ಹಿಡಿದು ಅವಳ ತುಟಿಯನ್ನೇ ನೋಡುತ್ತ ಕುಳಿತಿದ್ದೆ.

ಸಿಂಚನಾ, ನೀನೀಗ ಒಬ್ಬಳೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವಳು. ಮಲ್ಲು, ನಾಳೆ ಬಸ್ಸಿನಲ್ಲಿ ನಿನ್ನ ಪಕ್ಕದಲ್ಲೂ ಒಬ್ಬಳು ನೀರು ಬಿಟ್ಟು ಕೂರುತ್ತಾಳೆ. ನನಗೆ ಹೇಳಲಾಗದ್ದು ಈ ಹಾಳೆಗಳಲ್ಲಿದೆ. ಕಳೆಯಬೇಡಿ, ಮಕ್ಕಳಾ.